ಬಿಸಿನೀರಿನ ನೀಲಿ-ಹಸಿರು ಪಾಚಿ: ಗುರುತು ಹಿಡಿಯುವ ಬಗೆ

ಕೊಪ್ಪಳದ ಬಂಡೆಗಳ ಮೇಲಿನ ಕಪ್ಪು ಪಟ್ಟೆಯೂ ನೀಲಿ-ಹಸಿರು ಪಾಚಿಯೇ, ಆದರೆ ಅದು ಬಿಸಿಲಿಗೆ ಒಣಗಿ ನಿದ್ದೆ ಹೋಗುತ್ತದೆ, ಅಷ್ಟೇ. ಅದನ್ನು ಉಷ್ಣಪ್ರಿಯ (ಬಿಸಿಯಲ್ಲೇ ಬೆಳೆಯುವಂಥದ್ದು) ಅನ್ನಬೇಡಿ. ನಿಜವಾದದ್ದು 45 ಡಿಗ್ರಿ ನೀರಲ್ಲೂ ಬೆಳೆಯಬೇಕು. ಬಿಸಿನೀರು ಸದಾ ಹರಿಯುವ ಕಾಲುವೆಯ ಲೋಳೆ ಪದರ ಕೆರೆಯಿರಿ (ಕಾರ್ಖಾನೆಯದಾದರೆ ಅನುಮತಿ ಬೇಕು). ಥರ್ಮಾಮೀಟರನ್ನು ಪದರಕ್ಕೇ ತಾಗಿಸಿ. ನೀರಿನ ನಡುವೆ ಅಳೆದರೆ ಲೆಕ್ಕ ತಪ್ಪುತ್ತದೆ. ಸೀಸೆ ಅರ್ಧ ತುಂಬಿದರೆ ಸಾಕು.

ಕೆರೆದದ್ದನ್ನು ಬಿಜಿ-11 ದ್ರಾವಣದಲ್ಲಿ (ಈ ಪಾಚಿ ಬೆಳೆಸುವ ಪೋಷಕ ದ್ರಾವಣ) 45–50 ಡಿಗ್ರಿಯಲ್ಲಿಡಿ, ಬೆಳಕು ಮಂದವಿರಲಿ. ಜಾಸ್ತಿಯಾದರೆ ಹಳದಿಗೆ ತಿರುಗುತ್ತದೆ.

400 ಪಟ್ಟು ಹಿಗ್ಗಿಸಿದಾಗ ಕಡ್ಡಿಯಂಥ ಒಂಟಿ ಕೋಶ ಕಂಡರೆ ಸಿನೆಕೊಕಾಕಸ್. ಕೆಲವು ತಳಿ 73 ಡಿಗ್ರಿಯನ್ನೂ ತಾಳುತ್ತವೆ. ಕವಲಿಲ್ಲದ ಎಳೆ ಫಾರ್ಮಿಡಿಯಂ ಥರದ್ದು. ಎಳೆ ಕವಲೊಡೆದು, ನಡುನಡುವೆ ದಪ್ಪಗೋಡೆಯ ಮಸುಕು ಕೋಶವಿದ್ದರೆ ಮಾಸ್ಟಿಗೊಕ್ಲಾಡಸ್. ಬಿಜಿ-11ರಲ್ಲಿರುವಂತೆ ನೈಟ್ರೇಟ್ (ಸಾರಜನಕದ ಲವಣ) ಇದ್ದರೆ ಆ ಮಸುಕು ಕೋಶ ಮೂಡುವುದೇ ಅಪರೂಪ. ನೈಟ್ರೇಟ್ ಬಿಟ್ಟ ದ್ರಾವಣದಲ್ಲಿ ಮತ್ತೊಮ್ಮೆ ಬೆಳೆಸಿ ನೋಡಿ.