ಹಲ್ಲು ಹುಳುಕಾಗದಿರಲು: ಎಷ್ಟು ಸಿಹಿ ಎನ್ನುವುದಕ್ಕಿಂತ ಎಷ್ಟು ಸಲ

ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ. ಹಲ್ಲನ್ನು ಕೊರೆಯುವುದು ಹುಳುವಲ್ಲ; ಸಿಹಿ ತಿಂದ ಬ್ಯಾಕ್ಟೀರಿಯಾ ಹೊರಬಿಡುವ ಆಮ್ಲ. ಅದನ್ನು ತಗ್ಗಿಸಲು ಜೊಲ್ಲಿಗೆ ಸುಮಾರು 30ರಿಂದ 60 ನಿಮಿಷ ಬೇಕು. ಅಷ್ಟರೊಳಗೆ ಮತ್ತೊಂದು ಬಿಸ್ಕತ್ತು, ಮತ್ತೊಂದು ಲೋಟ ಕಾಫಿ ಬಂದರೆ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಆದ್ದರಿಂದ ಚಿಕ್ಕಿಯಿರಲಿ, ಮೈಸೂರುಪಾಕಿರಲಿ, ಊಟದ ಜೊತೆಗೇ ಮುಗಿಸಿ, ಬಾಯಿ ಮುಕ್ಕಳಿಸಿ. ಬೆಲ್ಲವೂ ಸಕ್ಕರೆಯೇ, ಅದಕ್ಕೆ ವಿನಾಯಿತಿ ಇಲ್ಲ.

ಬೇವಿನ ಕಡ್ಡಿ ನನಗೂ ಇಷ್ಟ, ಆದರೆ ಹಲ್ಲನ್ನು ಗಟ್ಟಿಯಾಗಿಸುವ ಫ್ಲೋರೈಡ್ ಇರುವ ಪೇಸ್ಟ್ ಬಿಡಬೇಡಿ. ಇದ್ದಿಲು, ಇಟ್ಟಿಗೆ ಪುಡಿ ಖಂಡಿತ ಬೇಡ; ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸವೆಯುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಹಲ್ಲುಜ್ಜುವುದನ್ನು ಎಂದೂ ತಪ್ಪಿಸಬೇಡಿ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಲೂಬೇಡಿ.