ಸೆನ್ಸರ್ ಅಳತೆಯ ‘ಇಂಚು’ ನಿಜವಾದ ಇಂಚಲ್ಲ

ಕ್ಯಾಮೆರಾದ ವಿವರಪಟ್ಟಿಯಲ್ಲಿ ಸೆನ್ಸರಿನ (ಬೆಳಕು ಹಿಡಿದು ಚಿತ್ರ ಮೂಡಿಸುವ ಚಿಪ್ಪಿನ) ಅಳತೆ ‘1 ಇಂಚು’, ‘1/1.7 ಇಂಚು’ ಎಂದಿದ್ದರೆ ಆ ಸಂಖ್ಯೆಯನ್ನು ನಿಜವಾದ ಇಂಚಿನ ಮಿಲಿಮೀಟರ್ ಲೆಕ್ಕವಾದ 25.4ರಿಂದಲ್ಲ, 16ರಿಂದ ಗುಣಿಸಿ. ಸೆನ್ಸರಿನ ಕರ್ಣದ ಉದ್ದ ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ ಸರಿಯಾಗಿ ಸಿಗುತ್ತದೆ. ಈ ಇಂಚು ಹಳೆಯ ಟಿವಿ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುತ್ತಿದ್ದ ವಿಡಿಕಾನ್ ಎಂಬ ಗಾಜಿನ ನಳಿಕೆಯ ಹೊರವ್ಯಾಸದ್ದು. ಚಿತ್ರ ಮೂಡುತ್ತಿದ್ದ ಜಾಗದ ಕರ್ಣ ಅದರ ಸುಮಾರು ಮೂರನೇ ಎರಡರಷ್ಟೇ ಇರುತ್ತಿತ್ತು, ನಳಿಕೆ ಹೋದರೂ ಹೆಸರು, ಮಾರುವವರಿಗೆ ಅನುಕೂಲವೆಂದೋ ಏನೋ, ಉಳಿದುಕೊಂಡಿತು. ಹಾಗಾಗಿಯೇ ‘1 ಇಂಚಿನ’ ಸೆನ್ಸರ್ ವಾಸ್ತವದಲ್ಲಿ 13.2 × 8.8 ಮಿ.ಮೀ. ಮಾತ್ರ, ಒಂದು ರೂಪಾಯಿ ನಾಣ್ಯದ ಮೇಲಿಟ್ಟರೆ ಅಂಚು ಮುಟ್ಟುವುದಿಲ್ಲ. ಅರ್ಧ ಇಂಚಿಗಿಂತ ಚಿಕ್ಕವಕ್ಕೆ, ಉದಾಹರಣೆಗೆ 1/2.3ಕ್ಕೆ, 16ರ ಬದಲು 18 ಹಿಡಿದರೆ ಲೆಕ್ಕ ನಿಜಕ್ಕೆ ಹತ್ತಿರವಾಗುತ್ತದೆ. ಎಪಿಎಸ್-ಸಿ, ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರುಗಳ ಹೆಸರುಗಳು ಫಿಲ್ಮಿನ ಅಳತೆಯಿಂದ ಬಂದವಾದ್ದರಿಂದ ಅಲ್ಲಿ ಈ ಗುಣಾಕಾರ ನಡೆಯದು, ಮಿಲಿಮೀಟರ್ ಅಳತೆಯನ್ನೇ ನೋಡಬೇಕು.