ಖಾಲಿ ಕೋಷ್ಟಕದಿಂದ ಶುರು: ಆರೋಗ್ಯ ಸಂಶೋಧನೆಯ ಪ್ರಪೋಸಲ್ ಬರೆಯುವ ನನ್ನ ಕ್ರಮ

ಪ್ರಪೋಸಲ್ಲನ್ನು ಕೊನೆಯಿಂದ ಮೊದಲಿಗೆ ಬರೆಯಬೇಕು ಎಂದರೆ ನಗುವವರೇ ಹೆಚ್ಚು. "ಪೀಠಿಕೆಯೇ ಇಲ್ಲದೆ ಉದ್ದೇಶ ಎಲ್ಲಿಂದ ಬರುತ್ತೆ?" ಎನ್ನುವುದು ಹಿರಿಯ ಗೈಡ್‌ಗಳ ಮಾಮೂಲಿ ತಕರಾರು. ಹೀಗೆ ಬರೆದ ಪ್ರಪೋಸಲ್‌ಗಳು ಎಥಿಕ್ಸ್ ಕಮಿಟಿಯನ್ನೂ ಅನುದಾನ ಸಮಿತಿಯನ್ನೂ ದಾಟಿ ಬಂದ ಮೇಲೆ ತಕರಾರು ತಣ್ಣಗಾಗಿದೆ. ಈಗ ಅದೇ ಗೈಡ್‌ಗಳು ತಮ್ಮ ವಿದ್ಯಾರ್ಥಿಗಳನ್ನು "ಮೊದಲು ಖಾಲಿ ಕೋಷ್ಟಕ ತೋರಿಸಿ" ಎಂದು ಕೇಳುತ್ತಾರೆ. ಸಂಶೋಧನೆಯ ಪ್ರಶ್ನೆಯನ್ನು ರೂಪಿಸುವ ಪಿಕೋ, ಅದನ್ನು ಒರೆಗೆ ಹಚ್ಚುವ ಫೈನರ್ ಇತ್ಯಾದಿ ಚೌಕಟ್ಟುಗಳನ್ನು ಇಲ್ಲಿ ವಿವರಿಸುವುದಿಲ್ಲ. ಇದನ್ನು ಓದುವವರಿಗೆ ಅವು ಗೊತ್ತಿರುತ್ತವೆ.

ನನ್ನ ಕ್ರಮ ಇಷ್ಟೇ. ಮೊದಲು ಖಾಲಿ ಕೋಷ್ಟಕಗಳು, ಆಮೇಲೆ ಅಳತೆಗಳು, ಸ್ಯಾಂಪಲ್ ಸೈಜ್ (ಎಷ್ಟು ಜನ ಬೇಕು ಎಂಬ ಲೆಕ್ಕ), ಬಜೆಟ್, ವಿಧಾನ. ಉದ್ದೇಶಗಳು ಅದರ ನಂತರ, ಪೀಠಿಕೆ ಎಲ್ಲಕ್ಕಿಂತ ಕೊನೆಗೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಹಿಡಿದು ಹೋಗೋಣ. ಟೈಪ್ 2 ಮಧುಮೇಹ ಇರುವವರಿಗೆ ಮಾತ್ರೆ ನೆನಪಿಸುವ ಫೋನ್ ಸಂದೇಶ ಕಳಿಸಿದರೆ ಸಕ್ಕರೆ ಹತೋಟಿ ಸುಧಾರಿಸುತ್ತದೆಯೇ? ಎರಡು ಗುಂಪು, ಒಂದಕ್ಕೆ ಸಂದೇಶ, ಇನ್ನೊಂದಕ್ಕೆ ಇಲ್ಲ. ಮುಖ್ಯ ಅಳತೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ, ಉತ್ತರ ಶೇಕಡಾ ಲೆಕ್ಕದಲ್ಲಿ.

ಅಧ್ಯಯನ ಮುಗಿದಿದೆ, ಪ್ರಬಂಧ ಅಚ್ಚಿಗೆ ಹೋಗುತ್ತಿದೆ ಎಂದುಕೊಂಡು ಅದರ ನಾಲ್ಕೈದು ಕೋಷ್ಟಕಗಳನ್ನು ಅಂಕಿ ಇಲ್ಲದೆ ಬರೆಯಿರಿ. ಮೊದಲನೆಯದು ಎರಡೂ ಗುಂಪಿನವರ ಆರಂಭದ ಸ್ಥಿತಿ. ಎರಡನೆಯದು ಮುಖ್ಯ ಫಲಿತಾಂಶ. ಮೂರನೆಯದು ನಡುವೆ ಬಿಟ್ಟುಹೋದವರ ಲೆಕ್ಕ. ಇದನ್ನು ಮರೆಯುವವರೇ ಬಹಳ. ಕೋಷ್ಟಕದ ಪ್ರತಿ ಮನೆಯಲ್ಲೂ ಏನು ಬರುತ್ತದೆ ಎಂದು ಗುರುತು ಹಾಕಿ: ಸಂಖ್ಯೆ ಮತ್ತು ಶೇಕಡಾವಾರೋ, ಸರಾಸರಿ ಮತ್ತು ಎಸ್‌ಡಿಯೋ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಮೀಡಿಯನ್ನೋ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ). ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಮೂರು ಪ್ರಶ್ನೆಗೆ ಉತ್ತರ: ಈ ಅಂಕಿಯನ್ನು ಯಾರು ತರುತ್ತಾರೆ, ಯಾವ ಭೇಟಿಯಲ್ಲಿ, ಯಾವ ದಾಖಲೆಯಿಂದ? ಉತ್ತರ ಸಿಗದ ಮನೆಯನ್ನು ಅಳಿಸಿಬಿಡಿ. ಅರವತ್ತು ಎಪ್ಪತ್ತು ಪ್ರಶ್ನೆಗಳ ಪ್ರಶ್ನಾವಳಿ ಈ ಜರಡಿಯಲ್ಲಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. "ಇರಲಿ, ಮುಂದೆ ಬೇಕಾಗಬಹುದು" ಎಂದು ಸೇರಿಸಿದ ಪ್ರಶ್ನೆಗಳಿಗೆ ಯಾವ ಕೋಷ್ಟಕದಲ್ಲೂ ಜಾಗ ಇರುವುದಿಲ್ಲ. ಸಂದರ್ಶಕರ ಸಂಬಳವನ್ನು ತಿನ್ನುವುದು ಅವೇ.

ಕೋಷ್ಟಕ ಹಾಕಿದ ಕೂಡಲೇ ಅಳತೆಯ ತಪ್ಪುಗಳೂ ಎದ್ದು ಕಾಣುತ್ತವೆ. ಎಚ್‌ಬಿಎ1ಸಿ ಹೆಚ್ಚುಕಮ್ಮಿ ಹಿಂದಿನ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುತ್ತದೆ. ಹಾಗಾಗಿ "ಆರು ವಾರದ ನಂತರದ ಎಚ್‌ಬಿಎ1ಸಿ" ಎಂದು ತಲೆಬರಹ ಬರೆದರೆ ಅದರಲ್ಲಿ ಸಾಕಷ್ಟು ಭಾಗ ಅಧ್ಯಯನ ಶುರುವಾಗುವ ಮುಂಚಿನ ಸಕ್ಕರೆಯೇ. ಆರು ತಿಂಗಳು ಇಡಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು, ಕೆಂಪು ಕಣ ಬೇಗ ಒಡೆಯುವ ಕಾಯಿಲೆಯವರು ಸೇರಿಕೊಂಡರೆ ಅಂಕಿ ಸುಳ್ಳು ಹೇಳುತ್ತದೆ. ಅವರನ್ನು ಹೊರಗಿಡುವ ಸಾಲು ಇಲ್ಲಿಯೇ ಹುಟ್ಟುತ್ತದೆ.

ಇನ್ನು ಸ್ಯಾಂಪಲ್ ಸೈಜ್. ಹೆಚ್ಚಿನ ಪ್ರಪೋಸಲ್‌ಗಳು ಮುಗ್ಗರಿಸುವುದು ಇಲ್ಲೇ. ಎಚ್‌ಬಿಎ1ಸಿಯ ಎಸ್‌ಡಿ ಸುಮಾರು 1.5 ಎಂದಿಟ್ಟುಕೊಂಡು, 0.5ರ ವ್ಯತ್ಯಾಸ ಹಿಡಿಯಬೇಕು, ಪವರ್ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಶೇ. 80, ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ) ಶೇ. 5 ಎಂದರೆ ಗುಂಪಿಗೆ ಸುಮಾರು 141 ಜನ. ಪವರ್ ಶೇ. 90 ಬೇಕೆಂದರೆ 190ರ ಹತ್ತಿರ. ಹಿಡಿಯಬೇಕಾದ ವ್ಯತ್ಯಾಸವನ್ನು ಅರ್ಧ ಮಾಡಿ 0.25 ಎಂದರೆ ಸಂಖ್ಯೆ ನಾಲ್ಕು ಪಟ್ಟಾಗಿ ಗುಂಪಿಗೆ 565ಕ್ಕೆ ಹಾರುತ್ತದೆ. 0.5 ಎಂಬುದನ್ನು ಎಲ್ಲಿಂದ ತಂದಿರಿ ಎಂದು ರಿವ್ಯೂಯರ್ ಕೇಳಿಯೇ ಕೇಳುತ್ತಾರೆ. "ಹಿಂದಿನ ಅಧ್ಯಯನದಲ್ಲಿ ಇತ್ತು" ಎಂಬ ಉತ್ತರ ಸಾಲದು. ರೋಗಿಗೆ, ಚಿಕಿತ್ಸೆಗೆ ಅಷ್ಟು ಇಳಿಕೆಯಿಂದ ಏನು ಉಪಯೋಗ ಎಂದು ಹೇಳಬೇಕು.

ಶೇ. 15 ಜನ ಬಿಟ್ಟುಹೋಗುತ್ತಾರೆ ಎಂದರೆ 141ಕ್ಕೆ ಅದರ ಶೇ. 15 ಕೂಡಿಸುವುದಲ್ಲ, 0.85ರಿಂದ ಭಾಗಿಸುವುದು. ಗುಂಪಿಗೆ 166, ಒಟ್ಟು 332. ಕೂಡಿಸಿದರೆ 162 ಬರುತ್ತದೆ. ವ್ಯತ್ಯಾಸ ಸಣ್ಣದೇ, ಆದರೆ ಸ್ಟಾಟಿಸ್ಟಿಷಿಯನ್ ಕಣ್ಣಿಗೆ ಮೊದಲು ಬೀಳುವುದು ಅದೇ.

ಗುಂಪುಗಳ ಹೋಲಿಕೆ ಇಲ್ಲದ, ಕಾಯಿಲೆ ಎಷ್ಟು ಜನರಲ್ಲಿದೆ ಎಂದು ನೋಡುವ ಅಧ್ಯಯನಗಳಲ್ಲಿ 384 ಎಂಬ ಸಂಖ್ಯೆಯ ಹಾವಳಿ. ಪ್ರಮಾಣ ಶೇ. 50, ದೋಷದ ಮಿತಿ (ಅಂದಾಜು ಆಚೀಚೆ ಎಷ್ಟು ಸರಿಯಬಹುದು ಎಂಬುದು) ಶೇ. 5 ಎಂದಿಟ್ಟಾಗ ಬರುವ ಉತ್ತರ ಅದು. ಕಣ್ಣು ಮುಚ್ಚಿ ಎಲ್ಲೆಡೆ ಅಂಟಿಸುವಂಥದ್ದಲ್ಲ. ಅದಕ್ಕಿಂತ ಕೆಟ್ಟದ್ದು ಅಪರೂಪದ ಕಾಯಿಲೆಗೂ ಅದೇ ಶೇ. 5ರ ಮಿತಿ ಹಾಕುವುದು. ಶೇ. 4 ಜನರಲ್ಲಿರುವ ಕಾಯಿಲೆಗೆ ಹಾಗೆ ಲೆಕ್ಕ ಹಾಕಿದರೆ 59 ಜನ ಸಾಕು ಎಂದು ಬರುತ್ತದೆ. 59 ಜನರಲ್ಲಿ ಸಿಗುವ ರೋಗಿಗಳು ಎರಡೋ ಮೂರೋ; ಅಂದಾಜಿನ ಕೆಳಗಿನ ತುದಿ ಸೊನ್ನೆಗಿಂತ ಕೆಳಗೆ. ಮಿತಿಯನ್ನು ಶೇ. 1ಕ್ಕೆ ಇಳಿಸಿದರೆ 1,475 ಜನ ಬೇಕು. ಮನೆಮನೆಗೆ ಹೋಗಿ ಕ್ಲಸ್ಟರ್ ಲೆಕ್ಕದಲ್ಲಿ, ಅಂದರೆ ಊರು ಬೀದಿಗಳ ಗುಂಪುಗಳಾಗಿ ಆರಿಸುವುದಾದರೆ ಡಿಸೈನ್ ಎಫೆಕ್ಟ್ (ಅದಕ್ಕಾಗಿ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕು ಎಂಬುದು) ಬೇರೆ. ಕ್ಲಸ್ಟರಿಗೆ 20 ಜನ, ಐಸಿಸಿ (ಒಂದೇ ಕ್ಲಸ್ಟರಿನವರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ ಎಂಬ ಅಳತೆ) 0.05 ಇದ್ದರೆ ಅದು 1.95, ಅಂದರೆ ಸ್ಯಾಂಪಲ್ ಸುಮಾರು ಎರಡು ಪಟ್ಟು. ಕ್ಲಸ್ಟರಿಗೆ 10 ಜನರಂತೆ ಹೆಚ್ಚು ಕ್ಲಸ್ಟರ್ ಆರಿಸಿದರೆ 1.45ಕ್ಕೆ ಇಳಿಯುತ್ತದೆ. ಪ್ರಯಾಣದ ಖರ್ಚು ಏರುತ್ತದೆ, ಸಂದರ್ಶನಗಳು ಉಳಿಯುತ್ತವೆ. ಯಾವುದು ಅಗ್ಗ ಎಂದು ಎರಡನ್ನೂ ಲೆಕ್ಕ ಹಾಕಿಯೇ ನೋಡಬೇಕು.

ನಮ್ಮ ಮಧುಮೇಹದ ಉದಾಹರಣೆಗೆ ಮರಳೋಣ. 332 ಜನ ಸಿಗುತ್ತಾರೆಯೇ? ಅಧ್ಯಯನ ಶುರುವಾದ ದಿನವೇ ಅರ್ಹ ರೋಗಿಗಳು ಮಾಯವಾಗುತ್ತಾರೆ; ಔಷಧಶಾಸ್ತ್ರಜ್ಞ ಲೂಯಿ ಲಸಾನ್ಯಾ ಹೆಸರಿನಲ್ಲಿ ಇದಕ್ಕೊಂದು 'ನಿಯಮ'ವೇ ಇದೆ. ಅದಕ್ಕೇ ಬರೆಯುವ ಮುಂಚೆ ಹಿಂದಿನ ಮೂರು ತಿಂಗಳ ಓಪಿಡಿ ರಿಜಿಸ್ಟರ್ ತೆಗೆದು ಎಣಿಸಬೇಕು. ತಿಂಗಳಿಗೆ 80 ಹೊಸ ಮುಖಗಳು ಕಂಡರೆ ಅರ್ಧದಷ್ಟು ಅರ್ಹರು, ಅವರಲ್ಲಿ ಒಪ್ಪುವವರು ಮೂರರಲ್ಲಿ ಇಬ್ಬರು: ಕೈಗೆ ಬರುವುದು ತಿಂಗಳಿಗೆ 26. ಸೇರ್ಪಡೆಗೇ 13 ತಿಂಗಳು, ಕೊನೆಯವರನ್ನು ಹಿಂಬಾಲಿಸಲು ಇನ್ನೂ ಆರು. ಒಂದು ವರ್ಷದ ಅನುದಾನಕ್ಕೆ ಇದನ್ನು ಹಾಕುವುದು ಕಾಗದ ಹಾಳು. ಇನ್ನೊಂದು ಕೇಂದ್ರ ಸೇರಿಸಿ, ಇಲ್ಲವೇ ಪ್ರಶ್ನೆ ಬದಲಿಸಿ.

ದುಡ್ಡಿನ ವಿಷಯಕ್ಕೆ ಬರೋಣ. ಇಂಥ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಸಿಬ್ಬಂದಿಗೇ ಹೋಗುತ್ತದೆ. ಅದನ್ನು ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಕೈ ಸುಡುವುದು ಲ್ಯಾಬ್‌ನಲ್ಲಿ. "ಜೊತೆಗೊಂದು ಬಯೋಮಾರ್ಕರ್ ಇರಲಿ" ಎಂದು ಗೈಡ್ ಅನ್ನುತ್ತಾರೆ, ಅಂದರೆ ರಕ್ತದಲ್ಲಿ ಅಳೆಯಬಹುದಾದ ಇನ್ನೊಂದು ಸೂಚಕ. ಅದನ್ನು ಅಳೆಯುವ ಎಲಿಸಾ ಪರೀಕ್ಷೆಯ ಒಂದು ಕಿಟ್‌ನಲ್ಲಿ ಒಂದು ಪ್ಲೇಟ್, ಅದರಲ್ಲಿ ಮಾದರಿ ಹಾಕಲು 96 ಗುಳಿ. ಆರಂಭದಲ್ಲಿ 332, ಶೇ. 15 ಜನ ಬಿಟ್ಟುಹೋಗಿ ಕೊನೆಯಲ್ಲಿ 282, ಒಟ್ಟು 614 ಮಾದರಿ. 96ರಿಂದ ಭಾಗಿಸಿ "ಏಳು ಕಿಟ್" ಎಂದು ಬರೆದುಬಿಡುತ್ತಾರೆ. ಪ್ಲೇಟ್‌ನಲ್ಲಿ ಎಂಟು ಸ್ಟ್ಯಾಂಡರ್ಡ್ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) ಎರಡೆರಡು ಸಲ ಹಾಕಿದರೆ 16 ಗುಳಿ, ಪರೀಕ್ಷೆ ಸರಿಯಿದೆಯೇ ಎಂದು ನೋಡುವ ಎರಡು ಕಂಟ್ರೋಲ್‌ಗೆ 4. ಉಳಿದ 76ರಲ್ಲಿ ಪ್ರತಿ ಮಾದರಿಗೂ ಎರಡು ಗುಳಿ. ಒಂದು ಪ್ಲೇಟ್‌ಗೆ ಹಿಡಿಸುವುದು 38 ಮಾದರಿ ಮಾತ್ರ! 17 ಪ್ಲೇಟ್, ಮರುಪರೀಕ್ಷೆಗೆ ಒಂದು, ಒಟ್ಟು 18. ಏಳು ಎಂದು ಬರೆದವರು ನಡುದಾರಿಯಲ್ಲಿ ಹಣಕ್ಕೆ ಕೈಯೊಡ್ಡಬೇಕು, ಅಷ್ಟರಲ್ಲಿ ಕಿಟ್‌ನ ಲಾಟ್ (ತಯಾರಿಕೆಯ ಕಂತು) ಬದಲಾಗಿರುತ್ತದೆ. ಒಬ್ಬರ ಮೊದಲ ಮತ್ತು ಕೊನೆಯ ಮಾದರಿ ಒಂದೇ ಪ್ಲೇಟ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಪ್ಲೇಟ್‌ನ ವ್ಯತ್ಯಾಸವೇ ಚಿಕಿತ್ಸೆಯ ಫಲವಾಗಿ ಕಾಣುತ್ತದೆ. ಅದಕ್ಕಾಗಿ ಎಲ್ಲವನ್ನೂ ಕೊನೆಯವರೆಗೆ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್ ಜಾಗ, ಕರೆಂಟ್ ಬ್ಯಾಕಪ್, ಮತ್ತೆ ಮತ್ತೆ ಕರಗಿಸದಂತೆ ಸಣ್ಣ ವಯಲ್‌ಗಳು, ಎಲ್ಲವೂ ಬಜೆಟ್‌ನ ಸಾಲುಗಳೇ. ಇಷ್ಟನ್ನು ಬರೆದು ತೋರಿಸಿದ ಮೇಲೆ ಬಯೋಮಾರ್ಕರ್ ಬೇಡವೆಂದು ಗೈಡೇ ಅನ್ನುವುದುಂಟು.

ಮರೆತುಹೋಗುವ ಬೇರೆ ಸಾಲುಗಳು: ಭಾಗವಹಿಸುವವರ ಪ್ರಯಾಣ ಖರ್ಚು, ಪ್ರಶ್ನಾವಳಿಯ ಅನುವಾದ ಮತ್ತು ಮರು ಅನುವಾದ, ಉಪಕರಣದ ಕ್ಯಾಲಿಬ್ರೇಶನ್, ವಿಮೆ, ಜರ್ನಲ್ ಶುಲ್ಕ. ಸಮಿತಿ ಕಡಿತ ಮಾಡುತ್ತದೆಂದು ಮೊದಲೇ ಅಂಕಿ ಉಬ್ಬಿಸುವುದು ಹಳೇ ಚಾಳಿ, ರಿವ್ಯೂಯರ್‌ಗಳಿಗೂ ಅದು ಗೊತ್ತು. ನನ್ನ ದಾರಿ ಬೇರೆ. ಪ್ರತಿ ಖರ್ಚಿನ ಎದುರು ಅದು ಯಾವ ಕೋಷ್ಟಕಕ್ಕೆ ಎಂದು ಬರೆಯುತ್ತೇನೆ. "ಈ ಸಾಲು ಹೋದರೆ ಮೂರನೇ ಕೋಷ್ಟಕ ಹೋಗುತ್ತದೆ" ಎಂದು ಕಂಡರೆ ಕತ್ತರಿ ಹಿಡಿದ ಕೈ ಸ್ವಲ್ಪ ತಡೆಯುತ್ತದೆ.

ಒಂದು ಅಡ್ಡಪ್ರಯೋಗ. ಪ್ರಪೋಸಲ್ ಕಳಿಸುವ ಮೊದಲು 332 ಸಾಲುಗಳ ನಕಲಿ ಡೇಟಾ ತಯಾರಿಸಿ ಇಡೀ ವಿಶ್ಲೇಷಣೆಯನ್ನು ಓಡಿಸಿ ನೋಡುವುದು. ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್ ಆಗಲಿ ಎಕ್ಸೆಲ್ ಆಗಲಿ, ರ‍್ಯಾಂಡಮ್ ಸಂಖ್ಯೆ ಕೊಟ್ಟರೆ ಸಾಕು. ಭೇಟಿಯ ದಿನಾಂಕದ ಕಾಲಮ್ಮೇ ಇಲ್ಲ, ವಯಸ್ಸನ್ನು ಗುಂಪಾಗಿ ಕೇಳಿದ್ದರಿಂದ ಸರಾಸರಿ ಸಿಗುವುದಿಲ್ಲ, ಇಂಥವೆಲ್ಲ ಆಗಲೇ ಹೊರಬೀಳುತ್ತವೆ. ಕಡತದ ಹೆಸರು 'ನಕಲಿ' ಎಂದೇ ಶುರುವಾಗಲಿ, ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ನಿಜವಾದ ಡೇಟಾದ ಫೋಲ್ಡರ್ ಹತ್ತಿರವೂ ಸುಳಿಯಬಾರದು. ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲದ ಡೇಟಾದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಒಂದಾದರೂ 'ಮಹತ್ವದ' ಫಲಿತಾಂಶ ಬರುವ ಸಾಧ್ಯತೆ ಶೇ. 64. ವಯಸ್ಸು, ಲಿಂಗ ಎಂದು ಉಪಗುಂಪು ಮಾಡಿ ಪರೀಕ್ಷಿಸುವ ಮೋಹ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ವಿಧಾನದ ಭಾಗ ಈ ಹೊತ್ತಿಗೆ ಮುಕ್ಕಾಲು ತಯಾರಾಗಿರುತ್ತದೆ. ರ‍್ಯಾಂಡಮೈಸೇಶನ್ (ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿದಂತೆ ಹಂಚುವುದು) ಬಗ್ಗೆ ಮಾತ್ರ ಎಚ್ಚರ. ಪಟ್ಟಿ ಯಾರ ಕೈಯಲ್ಲಿ, ಲಕೋಟೆ ಬೆಳಕಿಗೆ ಹಿಡಿದರೂ ಒಳಗಿನದು ಕಾಣದಂತಿದೆಯೇ, ಕ್ರಮಸಂಖ್ಯೆ ಇದೆಯೇ ಎಂಬುದು ಬರಬೇಕು. ಬ್ಲಾಕ್ ಗಾತ್ರವನ್ನು (ಎಷ್ಟು ಜನರಿಗೊಮ್ಮೆ ಎರಡೂ ಗುಂಪು ಸಮವಾಗುತ್ತವೆ ಎಂಬುದನ್ನು) ಮಾತ್ರ ರೋಗಿಗಳನ್ನು ಸೇರಿಸುವವರ ಕೈಗೆ ಸಿಗುವ ಪ್ರತಿಯಲ್ಲಿ ಬರೆಯಬೇಡಿ. ನಾಲ್ಕರ ಬ್ಲಾಕ್ ಎಂದು ಗೊತ್ತಾದರೆ ನಾಲ್ಕನೆಯವರ ಗುಂಪನ್ನು ಯಾರಾದರೂ ಊಹಿಸುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಮಧುಮೇಹಿಗಳಿದ್ದರೆ ಒಬ್ಬರ ಫೋನ್ ಸಂದೇಶವನ್ನು ಇನ್ನೊಬ್ಬರೂ ಓದುತ್ತಾರೆ, ಹಾಗಾಗಿ ಮನೆಯನ್ನೇ ಘಟಕ ಮಾಡುವುದು ವಾಸಿ.

ಎಥಿಕ್ಸ್ ಕಮಿಟಿಗೆ, ವೈದ್ಯಕೀಯ ಸಂಶೋಧನೆಯ ನೀತಿಸೂತ್ರವಾದ ಹೆಲ್ಸಿಂಕಿ ಘೋಷಣೆಯನ್ನು ಪಾಲಿಸುತ್ತೇವೆ ಎಂಬ ಒಂದು ಸಾಲು ಏನನ್ನೂ ಹೇಳುವುದಿಲ್ಲ. ಎಚ್‌ಬಿಎ1ಸಿ ಶೇ. 12 ಬಂದರೆ, ಅಂದರೆ ಸಕ್ಕರೆ ತೀರಾ ಹತೋಟಿ ತಪ್ಪಿದ್ದರೆ, ಆ ವ್ಯಕ್ತಿಯನ್ನು ಯಾರು, ಎಷ್ಟು ದಿನದೊಳಗೆ ವೈದ್ಯರ ಬಳಿ ಕಳಿಸುತ್ತಾರೆ ಎಂದು ಬರೆಯಿರಿ. ಕನ್ಸೆಂಟ್ ಫಾರಂನಲ್ಲಿ (ಭಾಗವಹಿಸುವವರ ಒಪ್ಪಿಗೆ ಪತ್ರ) "5 ಎಂಎಲ್ ರಕ್ತ" ಎನ್ನುವ ಜೊತೆಗೆ "ಒಂದು ಟೀ ಚಮಚದಷ್ಟು" ಎಂದೂ ಇರಲಿ. ಫಾರಂ ಅನ್ನು ವೈದ್ಯಕೀಯಕ್ಕೆ ಸಂಬಂಧವಿಲ್ಲದ ನಾಲ್ಕೈದು ಜನರಿಗೆ ಓದಿ ಹೇಳಿ, ಅವರ ಬಾಯಲ್ಲೇ ವಾಪಸ್ ಕೇಳಿ. ಹೆಚ್ಚಾಗಿ ಎಡವುವುದು "ಯಾವ ಗುಂಪು ಎಂದು ನೀವಾಗಲಿ ನಾವಾಗಲಿ ಆರಿಸುವುದಿಲ್ಲ" ಎಂಬಲ್ಲಿ. ಪ್ರಯೋಗದ ನೋಂದಣಿ ಮೊದಲ ವ್ಯಕ್ತಿ ಸೇರುವುದಕ್ಕಿಂತ ಮುಂಚೆ ಆಗಿರಬೇಕು. ಆಮೇಲೆ ಮಾಡಿಸಿದರೆ ಒಳ್ಳೆಯ ಜರ್ನಲ್‌ಗಳ ಬಾಗಿಲು ಮುಚ್ಚಿದಂತೆಯೇ.

ಉದ್ದೇಶಗಳು ಈಗ ತಾವೇ ಬರುತ್ತವೆ, ಕೋಷ್ಟಕಕ್ಕೆ ಒಂದರಂತೆ. ಮುಖ್ಯ ಉದ್ದೇಶ ಒಂದೇ. 'ಅಳೆಯುವುದು', 'ಹೋಲಿಸುವುದು' ಎಂಬ ಕ್ರಿಯಾಪದಗಳೇ ಇರಲಿ. 'ಅರಿಯುವುದು' ಎಂದರೆ ಏನನ್ನೂ ಅಳೆಯುವುದಿಲ್ಲ ಎಂದೇ ರಿವ್ಯೂಯರ್ ಓದಿಕೊಳ್ಳುತ್ತಾರೆ. ಪೀಠಿಕೆ ಎರಡು ಪುಟ ಸಾಕು. ಗೊತ್ತಿರುವುದು, ಗೊತ್ತಿಲ್ಲದ್ದು, ಈ ಅಧ್ಯಯನ ತುಂಬುವ ಜಾಗ. "ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ" ಎಂದು ಬರೆಯುವ ಮುನ್ನ ಹುಡುಕಿದ ದಿನಾಂಕ, ಹುಡುಕಿದ ಪದಗಳನ್ನು ಗುರುತು ಹಾಕಿಕೊಳ್ಳಿ. ಕೆಲಸ ಮಾಡಿದವರೇ ರಿವ್ಯೂಯರ್ ಆಗಿರುವುದುಂಟು.

ಪ್ರಯೋಗದ ಪ್ರೋಟೋಕಾಲ್ (ಅಧ್ಯಯನದ ಪೂರ್ತಿ ಯೋಜನೆ) ಆದರೆ, ಅದರಲ್ಲಿ ಏನೇನಿರಬೇಕು ಎಂದು ಹೇಳುವ ಸ್ಪಿರಿಟ್ ಚೆಕ್‌ಲಿಸ್ಟನ್ನು ಪುಟಸಂಖ್ಯೆ ಸಮೇತ ತುಂಬಿ ಲಗತ್ತಿಸಿ. ಯಾರೂ ಕೇಳದಿದ್ದರೂ ಸರಿ. ಕಳಿಸುವ ಹಿಂದಿನ ದಿನ ಪ್ರೋಟೋಕಾಲ್, ಕನ್ಸೆಂಟ್ ಫಾರಂ, ಬಜೆಟ್, ನೋಂದಣಿ ಅರ್ಜಿ ನಾಲ್ಕನ್ನೂ ತೆರೆದಿಟ್ಟು ಮೂರು ಅಂಕಿಗಳನ್ನು ಮಾತ್ರ ಹುಡುಕಿ: ಜನರ ಸಂಖ್ಯೆ, ಅವಧಿ, ರಕ್ತದ ಪ್ರಮಾಣ. ಒಂದು ಕಡೆ 332, ಇನ್ನೊಂದು ಕಡೆ ಹಳೇ ಕರಡಿನ 340. ಒಂದು ಕಡೆ ಆರು ತಿಂಗಳು, ಇನ್ನೊಂದು ಕಡೆ 24 ವಾರ. ಫೈಲ್ ವಾಪಸ್ ಬರಲು ಅಷ್ಟು ಸಾಕು.